ಇನ್ನೊಮ್ಮಯ್ಯನವರ ತಾಂತ್ರಿಕ ಸಮಿತಿ

ಇನ್ನೊಮ್ಮಯ್ಯನವರಿಗೆ ಆ ಹೆಸರನ್ನು ಇಟ್ಟವರು ಹಳೆಯ ಆಫೀಸಿನ ಸಹೋದ್ಯೋಗಿಗಳು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಬ್ಯಾಂಕಿನವರು ಬಿಟ್ಟರೆ ಮತ್ತಾರೂ ಬಳಸುತ್ತಿರಲಿಲ್ಲ. ಲೆಕ್ಕವೆಲ್ಲ ಮುಗಿದು, ಎಲ್ಲರೂ ಚೀಲ ಹೆಗಲಿಗೇರಿಸಿ ಹೊರಡುವ ಹೊತ್ತಿಗೆ ಸರಿಯಾಗಿ "ಇನ್ನೊಮ್ಮೆ ನೋಡ್ಬಿಡೋಣ" ಎನ್ನುವುದು ಅವರ ಅಭ್ಯಾಸ. ಬಾಗಿಲಿಗೆ ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಇನ್ನೊಮ್ಮಯ್ಯನವರು, ತಾವು ಸರಿಯಾಗಿ ಜಗ್ಗಿದೆವೇ ಇಲ್ಲವೇ ಎಂದು ನೋಡಲು ಇನ್ನೊಂದು ಸಲ ಹತ್ತುವ ಪೈಕಿ.

ಇಂಥವರು ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಸ್ವಂತ ಲೆಕ್ಕಪತ್ರದ ಆಫೀಸು ತೆರೆದದ್ದು ಎಲ್ಲರಿಗೂ ಸೋಜಿಗ. ಇದ್ದಕ್ಕಿದ್ದಂತೆ ಎಂದರೆ ಹತ್ತು ಹನ್ನೊಂದು ವರ್ಷ ಯೋಚಿಸಿ. ಹೊರಡುವ ದಿನ ಹಳೆಯ ಯಜಮಾನರು ಅವರ ಬೆನ್ನು ತಟ್ಟಿ, "ನಿಮ್ಮ ಕುರ್ಚಿ ಹಾಗೇ ಇರುತ್ತೆ" ಎಂದಿದ್ದರು. ಹಾರೈಕೆಯಂತೆ ಕೇಳಿಸುವ ಈ ಮಾತು ನಿಜಕ್ಕೂ ಬೆದರಿಕೆ ಎಂಬುದು ಇನ್ನೊಮ್ಮಯ್ಯನವರಿಗೆ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು.

ಹೊಸ ಆಫೀಸು ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆ. ಒಂದು ಮೇಜು, ಮೇಜಿನಾಚೆ ಒಂದು ಕುರ್ಚಿ, ಈಚೆ ಮೂರು, ತಿರುಗುವಾಗ ಟಕಟಕ ಎನ್ನುವ ಫ್ಯಾನು, ಸಿಗ್ನಲ್ ಕಡೆಗೆ ತೆರೆಯುವ ಕಿಟಕಿ. ನೆಲ ಹಲಗೆಯದು. ಕೆಳಗಿನ ಹೊಲಿಗೆ ಯಂತ್ರದ ಸದ್ದು ಮೇಲೆ ಕೇಳಿಸುತ್ತಿತ್ತು, ಮೇಲಿನ ಮಾತು ಕೆಳಗೆ ಕೇಳಿಸುತ್ತಿತ್ತು. ಕಟ್ಟಡದ ಮಾಲೀಕನೂ ಆಗಿದ್ದ ದರ್ಜಿ ಇದನ್ನೊಂದು ಅನುಕೂಲವೆಂದೇ ವಿವರಿಸಿದ್ದ. ಏನಾದರೂ ಬೇಕಿದ್ದರೆ ಫೋನು ಮಾಡಬೇಕಿಲ್ಲ, ಕಾಲಲ್ಲಿ ನೆಲ ಕುಟ್ಟಿದರೆ ಸಾಕು, ತಾನು ಮೇಲೆ ಬರುತ್ತೇನೆ ಎಂದಿದ್ದ.

ಎಲ್ಲ ಸಿದ್ಧವಾಗಿತ್ತು, ಸಾಫ್ಟ್‌ವೇರ್ ಒಂದನ್ನು ಬಿಟ್ಟು.

ಹಳೆಯ ಆಫೀಸಿನಲ್ಲಿ ಅದನ್ನು ಯಜಮಾನರು ತಂದು ಹಾಕಿದ್ದರು. ಬೈಯುವುದಷ್ಟೇ ಇನ್ನೊಮ್ಮಯ್ಯನವರ ಪಾಲಿಗಿತ್ತು. ಈಗ ತಾವೇ ಆರಿಸಬೇಕು, ಆಮೇಲೆ ಬೈಯಲು ಬೇರೆ ಯಾರೂ ಇರುವುದಿಲ್ಲ. ಮಾರುಕಟ್ಟೆ ಜಾಲಾಡಿ ಮೂರನ್ನು ಉಳಿಸಿಕೊಂಡರು. ಅವುಗಳ ಹೆಸರೆಲ್ಲ ಕೆಮ್ಮಿನ ಔಷಧಿಯ ಹೆಸರಿನ ಹಾಗಿದ್ದುದರಿಂದ ಗುರುತಿನ ಬಣ್ಣ ನೋಡಿ ನೀಲಿ, ಹಸಿರು, ಕಿತ್ತಳೆ ಎಂದು ಕರೆದುಕೊಂಡರು. ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಕಲಿಯಲು ಸುಲಭವೇ, ಭದ್ರವೇ, ಫೋನಿನಲ್ಲಿ ಕಾಣುತ್ತದೆಯೇ ಎಂದೆಲ್ಲ ಸಾಲುಗಳನ್ನು ಎಳೆದು, ಪ್ರತಿ ಸಾಲಿಗೂ ಇಷ್ಟಿಷ್ಟು ತೂಕವೆಂದು ನಿಗದಿ ಮಾಡಿ, ಅಂಕ ಕೊಟ್ಟು ಕೂಡಿದರು. ನೀಲಿ ಗೆದ್ದಿತು. ನೀಲಿ ಗೆದ್ದ ಕೂಡಲೇ ಹಸಿರಿನ ಮೇಲೆ ಮನಸ್ಸಾಯಿತು. ತೂಕಗಳನ್ನು ಸ್ವಲ್ಪ ಆಚೀಚೆ ಮಾಡಿದರು, ಹಸಿರು ಗೆದ್ದಿತು. ಉತ್ತರ ಹಿಡಿಸಲಿಲ್ಲವೆಂದು ಅಳತೆಗೋಲನ್ನು ತಿದ್ದುವುದು ಪ್ರಯೋಗಶಾಲೆಯಲ್ಲಿ ಅಪರಾಧ. ಇನ್ನೊಮ್ಮಯ್ಯನವರು ಅದಕ್ಕೆ ಪರಿಷ್ಕರಣೆ ಎಂದು ಹೆಸರಿಟ್ಟರು. ಹಾಳೆ ಒರೆಸಿ ಒರೆಸಿ ತೂತು ಬಿದ್ದು, 'ಭದ್ರತೆ' ಎಂದು ಬರೆದಿದ್ದ ಕಡೆ ಗೋಡೆ ಕಾಣತೊಡಗಿತು.

ಮೂರು ಕಂಪನಿಗಳೂ ಒಂದು ತಿಂಗಳು ಪುಕ್ಕಟೆಯಾಗಿ ಬಳಸಿ ನೋಡಲು ಬಿಟ್ಟಿದ್ದವು. ಮೂರಕ್ಕೂ ಒಂದೇ ದಿನ ಹೆಸರು ನೋಂದಾಯಿಸಿದ್ದರು. ವಾರವಾದ ಮೇಲೆ, ಕಿತ್ತಳೆಯ ನೋಂದಣಿ ಸರಿಯಾಗಿ ಆಗಿದೆಯೋ ಇಲ್ಲವೋ ಎಂಬ ಸಂಶಯ ಹತ್ತಿತು. ಅವತ್ತು ಗುಂಡಿ ಒತ್ತಿದಾಗ ಪರದೆ ಕ್ಷಣಕಾಲ ಸುಮ್ಮನಿದ್ದುದು ನೆನಪಾಯಿತು. ಇನ್ನೊಮ್ಮೆ ನೋಂದಾಯಿಸಿಬಿಡೋಣವೆಂದು ಕೂತರೆ, ಈ ಈಮೇಲ್ ಆಗಲೇ ಬಳಕೆಯಲ್ಲಿದೆ ಎಂದಿತು. ಅದರಿಂದಲೇ ಸಂಶಯ ತೀರಬೇಕಿತ್ತು. ತೀರಲಿಲ್ಲ. ಹೆಂಡತಿಯ ಈಮೇಲ್ ಹಾಕಿ ಮುಗಿಸಿದರು. 'ಸಂಸ್ಥೆಯಲ್ಲಿ ನಿಮ್ಮ ಸ್ಥಾನ' ಎಂಬಲ್ಲಿ ಆರಿಸಿಕೊಳ್ಳಲು ಹಲವು ಪದವಿಗಳಿದ್ದವು. 'ಲೆಕ್ಕಿಗನ ಹೆಂಡತಿ' ಅವುಗಳಲ್ಲಿ ಇರಲಿಲ್ಲವಾದ್ದರಿಂದ ಎಲ್ಲಕ್ಕಿಂತ ಮೇಲಿದ್ದದ್ದನ್ನು ಒತ್ತಿದರು.

ಹೀಗೆ ಮೂರು ವಾರ ಕಳೆದವು. ಸಾಫ್ಟ್‌ವೇರೂ ನಿಶ್ಚಯವಾಗಲಿಲ್ಲ, ಮೆಟ್ಟಿಲು ಹತ್ತಿ ಒಬ್ಬ ಗಿರಾಕಿಯೂ ಬರಲಿಲ್ಲ. ಇನ್ನೊಮ್ಮಯ್ಯನವರು ಕಿಟಕಿಗೂ ಹಾಳೆಗೂ ಮಧ್ಯೆ ಓಡಾಡಿ ಓಡಾಡಿ ಕೆಳಗಿನವನ ತಲೆಯ ಮೇಲೆ ಧೂಳು ಉದುರಿಸಿದರು.

ಒಂದು ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಮೇಡಮ್ ಬಂದರು.

ಊರಿನ ಯಾವ ರಸ್ತೆಯಲ್ಲಿ ನಿಂತರೂ ಅವರ ಒಂದಲ್ಲ ಒಂದು ಕಾರು ನಿಧಾನವಾಗಿ, ಹೆದರಿ ಹೆದರಿ ಹೋಗುವುದು ಕಾಣುತ್ತಿತ್ತು. ಅಂಥ ದೊಡ್ಡ ಶಾಲೆ. ಆ ಲೆಕ್ಕ ಸಿಕ್ಕರೆ ಹಳೆಯ ಕುರ್ಚಿಯ ಕಡೆ ತಿರುಗಿಯೂ ನೋಡಬೇಕಿರಲಿಲ್ಲ. ಕಲಿಯುವವರ ಪಕ್ಕದಲ್ಲಿ ವರ್ಷಗಟ್ಟಲೆ ಕೂತ ಮೇಡಮ್ಮಿಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು: ಎದುರಿಗಿದ್ದವರು ಅಂಕೆ ಮೀರುತ್ತಿದ್ದಾರೆ ಅನ್ನಿಸಿದ ತಕ್ಷಣ ಅವರ ಬಲಗಾಲು ತಾನಾಗಿಯೇ ನೆಲವನ್ನು ಬಲವಾಗಿ ಒತ್ತುತ್ತಿತ್ತು. ಕಾರಿನಲ್ಲಾದರೆ ಅಲ್ಲಿ ಬ್ರೇಕು ಇರುತ್ತಿತ್ತು.

ಅವರು ಹೆಚ್ಚು ಮಾತಾಡಲಿಲ್ಲ. ಹಿಂದಿನ ಲೆಕ್ಕದವರು ಎಲ್ಲವನ್ನೂ ತಾವೊಬ್ಬರೇ ತೀರ್ಮಾನಿಸುತ್ತಿದ್ದರು, ಕೇಳಿದರೆ ಸಿಟ್ಟಾಗುತ್ತಿದ್ದರು, ತಮಗೆ ಈಗ ಎಲ್ಲವೂ ತಮ್ಮ ಫೋನಿನಲ್ಲಿ ಕಾಣಬೇಕು ಎಂದರು. ಆಮೇಲೆ ಕೇಳಿದರು: "ನೀವು ಯಾವ ಸಾಫ್ಟ್‌ವೇರ್ ಇಟ್ಕೊಂಡಿದೀರಿ?"

ಇನ್ನೂ ಆರಿಸಿಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಇನ್ನೊಮ್ಮಯ್ಯನವರು ಗಂಟಲು ಸರಿಮಾಡಿಕೊಂಡು, "ಅದನ್ನ ನಮ್ಮ ತಾಂತ್ರಿಕ ಸಮಿತಿ ಪರಿಶೀಲಿಸ್ತಾ ಇದೆ" ಎಂದರು. ಎಂದವರು ತಾವೇ ಅದನ್ನು ಕೇಳಿ ಬೆಚ್ಚಿದರು.

ಮೇಡಮ್ಮಿನ ಮುಖದಲ್ಲಿ ಮೊದಲ ಸಲ ಆಸಕ್ತಿ ಕಂಡಿತು. ಎಷ್ಟು ಜನರ ಸಮಿತಿ ಎಂದು ಕೇಳಿದರು. ಈಚೆಗಿದ್ದ ಕುರ್ಚಿಗಳನ್ನು ನೋಡಿ ಇನ್ನೊಮ್ಮಯ್ಯನವರು ಮೂವರು ಎಂದರು. ಗಾಬರಿಗೆ ಮಾತು ವೇಗವಾಗತೊಡಗಿತು: ಸಮಿತಿ ನಿಷ್ಪಕ್ಷಪಾತವಾದದ್ದು, ಸದಸ್ಯರು ಬೇರೆ ಬೇರೆ ಕ್ಷೇತ್ರದ ಅನುಭವಿಗಳು, ವರದಿ ಅಂತಿಮ ಹಂತದಲ್ಲಿದೆ. ಮೇಡಮ್ಮಿನ ಬಲಗಾಲು ಧಡ್ ಎಂದು ನೆಲವನ್ನೊತ್ತಿತು.

ಕೆಳಗೆ ಹೊಲಿಗೆ ಯಂತ್ರ ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಕೊರಳಿಗೆ ಟೇಪು ನೇತುಹಾಕಿಕೊಂಡ ದರ್ಜಿ ಬಾಗಿಲಲ್ಲಿ ನಿಂತು, "ಕರೆದ್ರಾ ಸಾರ್" ಎಂದ.

"ಇವರು?" ಎಂದರು ಮೇಡಮ್.

"ಸಮಿತಿ ಸದಸ್ಯರು" ಎಂದರು ಇನ್ನೊಮ್ಮಯ್ಯನವರು. ಬಾಯಿ ಆಗಲೇ ಅವರ ಕೈಮೀರಿ ಹೋಗಿತ್ತು. ದರ್ಜಿ ಏನೂ ಅರ್ಥವಾಗದಿದ್ದರೂ, ಗೌರವದ ವಿಷಯವೆಂದು ತಿಳಿದು ಟೇಪನ್ನು ನೇರ ಮಾಡಿಕೊಂಡು ಕೈ ಮುಗಿದ.

ಮೇಡಮ್ ಎದ್ದರು. "ಶುಕ್ರವಾರ ಊಟದ ಹೊತ್ತಿಗೆ ಬರ್ತೀನಿ. ಸಮಿತಿಯೋರು ಏನು ಹೇಳ್ತಾರೋ ಕೇಳಿ ಆಮೇಲೆ ಕೆಲಸ ಕೊಡೋದು ಬಿಡೋದು ಹೇಳ್ತೀನಿ. ಒಬ್ಬರ ಮಾತು ಕೇಳಿ ನನಗೆ ಸಾಕಾಗಿದೆ."

ಅವರು ಇಳಿದು ಹೋದ ಮೇಲೂ ದರ್ಜಿ ಹೋಗಲಿಲ್ಲ. ತಾನು ಯಾವುದರ ಸದಸ್ಯ ಎಂಬುದನ್ನು ತಿಳಿಯದೆ ಕದಲುವ ಲಕ್ಷಣ ಕಾಣಲಿಲ್ಲ. ವಿಷಯ ತಿಳಿದಾಗ ಅವನಿಗೆ ಸಿಟ್ಟು ಬರಬಹುದೆಂದು ಇನ್ನೊಮ್ಮಯ್ಯನವರು ಹೆದರಿದ್ದರು. ಅವನಿಗೆ ಬಂದದ್ದು ಸಂತೋಷ. ಇಷ್ಟು ವರ್ಷ ಊರಿನವರ ಸೊಂಟದ ಅಳತೆಯನ್ನು ತೆಗೆದವನನ್ನು ಯಾರೂ ಒಂದು ವಿಷಯದಲ್ಲೂ ಅಭಿಪ್ರಾಯ ಕೇಳಿರಲಿಲ್ಲವಂತೆ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿಯಾಯಿತು.

ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಆಕೆ ಆಸ್ಪತ್ರೆಯ ಔಷಧಿ ವಿಭಾಗದ ಕಿಟಕಿಯಲ್ಲಿ ಕೂರುವವಳು. ಜನ ಗಾಬರಿಯಲ್ಲಿ ಹೇಳುವುದನ್ನು ಗಾಬರಿಯಿಲ್ಲದೆ ಕೇಳುವುದು ಆಕೆಯ ವೃತ್ತಿ.

"ರೀ, ಯಾವುದಾದ್ರೂ ಒಂದು ತಗೊಂಡ್ಬಿಟ್ಟಿದ್ರೆ ಆಗ್ತಿರ್ಲಿಲ್ವಾ?"

"ತಪ್ಪಾಗ್ಬಿಟ್ರೆ?"

"ಈಗ ಆಗಿರೋದಕ್ಕಿಂತನಾ?"

ಆಕೆ ಎರಡನೆಯ ಸದಸ್ಯೆಯಾಗಲು ಒಪ್ಪಿದಳು. ಊಟದ ಬಿಡುವಿನಲ್ಲಿ ಅರ್ಧ ಗಂಟೆ, ಬಾಯಿ ಬಿಡುವುದಿಲ್ಲ ಎಂಬ ಕರಾರಿನ ಮೇಲೆ. ಇನ್ನೊಬ್ಬರು ಬೇಕಿತ್ತು. ಹುಡುಕುವ ಕಷ್ಟವೇ ಬೀಳಲಿಲ್ಲ. ಮಗಳ ಬಾಯಿಂದ ವಿಷಯ ತಿಳಿದ ಮಾವ ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಖಾಲಿ ಫೈಲು ಇಟ್ಟುಕೊಂಡು ಆಫೀಸಿಗೇ ಬಂದರು. ಮಾವ ಬಸ್ ಡಿಪೋದಲ್ಲಿ ಸಮಯಪಾಲಕರಾಗಿದ್ದವರು. ಕೆಲಸದಲ್ಲಿದ್ದಷ್ಟು ಕಾಲವೂ ಡಿಪೋದ ಸಭೆಗಳೆಲ್ಲ ಅವರ ಕೋಣೆಯ ಪಕ್ಕದಲ್ಲೇ ನಡೆದಿದ್ದವು, ಒಂದಕ್ಕೂ ಅವರನ್ನು ಕರೆದಿರಲಿಲ್ಲ. ಗೋಡೆಯಾಚೆಯ ಸದ್ದು ಕೇಳಿಸಿಕೊಂಡೇ ಸಭೆಯ ವಿಧಿವಿಧಾನಗಳನ್ನೆಲ್ಲ ಕಲಿತಿದ್ದರು. ಅವರು ನೇರವಾಗಿ ಮೇಜಿನಾಚೆ ಹೋಗಿ ಅಳಿಯನ ಕುರ್ಚಿಯಲ್ಲಿ ಕೂತು, "ಅಧ್ಯಕ್ಷರ ಜಾಗ ಇದೇ ತಾನೆ?" ಎಂದರು.

ಸಮಿತಿ ಎಂಬ ಜಂತುವಿನ ಸ್ವಭಾವವನ್ನು ಇನ್ನೊಮ್ಮಯ್ಯನವರು ಆ ವಾರ ಹತ್ತಿರದಿಂದ ಕಂಡರು. ಅದನ್ನು ಹುಟ್ಟಿಸುವುದು ಸುಲಭ. ಹುಟ್ಟಿದ ಮೇಲೆ ಅದು ತನಗೆ ಹುಟ್ಟು ಕೊಟ್ಟವನ ಮುಖ ನೋಡುವುದಿಲ್ಲ. ಮೊದಲ ಸಭೆ ಪೂರ್ತಿ, ಚಹಾ ಸಭೆಯ ಮುಂಚೆ ಬರಬೇಕೋ ಕೊನೆಗೆ ಬರಬೇಕೋ ಎಂಬ ಚರ್ಚೆಗೆ ಹೋಯಿತು. ಎರಡನೆಯ ಸಭೆಯಲ್ಲಿ, ಸಂಸ್ಥೆಯ ಮಾಲೀಕರು ಸಮಿತಿಯ ಕೋಣೆಯಲ್ಲಿ ಇರುವುದು ನಿಷ್ಪಕ್ಷಪಾತಕ್ಕೆ ಭಂಗ ಎಂದು ಮಾವ ಆಕ್ಷೇಪ ಎತ್ತಿ, ಇನ್ನೊಮ್ಮಯ್ಯನವರನ್ನು ಮೆಟ್ಟಿಲ ಮೇಲೆ ಕೂರಿಸಿದರು. ಅಲ್ಲಿಂದ ಅವರಿಗೆ ತಮ್ಮದೇ ಫ್ಯಾನಿನ ಟಕಟಕ ಕೇಳಿಸುತ್ತಿತ್ತು. ಕೂರಲಾಗದೆ ಇಳಿದರು, ಇಳಿದು ನಿಲ್ಲಲಾಗದೆ ಹತ್ತಿದರು. ಒಮ್ಮೆ ಬಾಗಿಲ ಸಂದಿಯಿಂದ ನೋಡಿದಾಗ ಮಾವ ಗಡಿಯಾರ ಹಿಡಿದುಕೊಂಡು, ಯಾವ ಸಾಫ್ಟ್‌ವೇರ್ ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎಂದು ಡಿಪೋದಿಂದ ಬಸ್ಸು ಬಿಡುವ ಹಾಗೆ ಒಂದೊಂದನ್ನೇ ಬಿಡುತ್ತಿದ್ದರು. ಗೋಡೆಯ ಹಾಳೆಯಲ್ಲಿ ಅಳಿಯ ಬರೆದ ಸಾಲುಗಳಿಗೆಲ್ಲ ಗೀಟು ಬಿದ್ದು 'ಸಮಯಪಾಲನೆ' ಎಂಬ ಒಂದೇ ಸಾಲು ಉಳಿದಿತ್ತು.

ಅಷ್ಟರಲ್ಲಿ ಹಸಿರು ಕಂಪನಿಯ ಮಾರಾಟದವನಿಗೆ ಸಮಿತಿಯ ವಾಸನೆ ಬಡಿಯಿತು. ಎರಡು ವಾರದಿಂದ ಇನ್ನೊಮ್ಮಯ್ಯನವರ ಫೋನು ಎತ್ತದಿದ್ದ ಆಸಾಮಿ ಖುದ್ದಾಗಿ ಬಂದ. ಮೆಟ್ಟಿಲ ಮೇಲೆ ಕೂತಿದ್ದವರನ್ನು ಜವಾನನೆಂದು ತಿಳಿದು ಸದಸ್ಯರು ಒಳಗಿದ್ದಾರೆಯೇ ಎಂದು ವಿಚಾರಿಸಿ, ಅವರನ್ನು ದಾಟಿಕೊಂಡು ಮೇಲೆ ಹೋದ. ಡಿಪೋದ ಕಥೆಗಳನ್ನು ಎರಡು ಗಂಟೆ ಕೇಳಿದ. ಇಳಿಯುವಾಗ ದರ್ಜಿಯ ಬಳಿ ಒಂದು ಪ್ಯಾಂಟಿಗೆ ಅಳತೆ ಕೊಟ್ಟು, ಶುಕ್ರವಾರಕ್ಕೆ ಬೇಕೆಂದ. ಅವತ್ತಿನಿಂದ ದರ್ಜಿಗೆ ಹಸಿರಿನಲ್ಲಿ ಹಿಂದೆ ಕಾಣದಿದ್ದ ಗುಣಗಳು ಕಾಣತೊಡಗಿದವು. ನೀಲಿ ತುಂಬ ಬಿಗಿ, ಕಿತ್ತಳೆಗೆ ಭುಜ ಸರಿಯಿಲ್ಲ ಎಂದ.

ಈ ಮಾರಾಟದವನು ಹಳೆಯ ಆಫೀಸಿಗೂ ಹೋಗಿಬರುವವನು. ಗುರುವಾರ ಯಜಮಾನರ ಫೋನು ಬಂತು. ಅವರ ದನಿಯಲ್ಲಿ ನೊಂದ ಭಾವವಿತ್ತು. ತಮ್ಮಲ್ಲಿ ಇಪ್ಪತ್ತು ಜನ ಕೆಲಸ ಮಾಡುತ್ತಿದ್ದರೂ ಒಂದು ಸಮಿತಿ ಇಲ್ಲ, ಒಬ್ಬರೇ ಇರುವ ಕಡೆ ಅದು ಹೇಗೆ ಸಾಧ್ಯವಾಯಿತು ಎಂದು ಕೇಳಿದರು. ಇನ್ನೊಮ್ಮಯ್ಯನವರು ಅದನ್ನೇ ತಾವೂ ಯೋಚಿಸುತ್ತಿರುವುದಾಗಿ ಹೇಳಿದರು.

"ನೋಡಿ, ಕುರ್ಚಿ ಕೇಳ್ಕೊಂಡು ಇನ್ನೊಬ್ಬರು ಬಂದಿದಾರೆ" ಎಂದರು ಯಜಮಾನರು. "ನಾಳೆ ಊಟ ಆದ್ಮೇಲೆ ಫೋನ್ ಮಾಡ್ತೀನಿ. ಬರೋದಾದ್ರೆ ಆಗ್ಲೇ ಹೇಳ್ಬಿಡಿ. ಆಮೇಲೆ ಇನ್ನೊಮ್ಮೆ ಕೇಳಲ್ಲ."

ಶುಕ್ರವಾರ ಬಂದೇ ಬಂತು. ಮಾವ ಅಧ್ಯಕ್ಷರ ಕುರ್ಚಿಯಲ್ಲಿ. ಈಚೆ ದರ್ಜಿ, ಆಸ್ಪತ್ರೆಯ ಬಿಳಿ ಕೋಟಿನಲ್ಲೇ ಓಡಿಬಂದ ಹೆಂಡತಿ, ನಡುವೆ ಮೇಡಮ್. ಕುರ್ಚಿಗಳು ಅಲ್ಲಿಗೆ ಮುಗಿದವು. ಇನ್ನೊಮ್ಮಯ್ಯನವರು ತಮ್ಮ ಆಫೀಸಿನಲ್ಲಿ ಗೋಡೆಗೊರಗಿ ನಿಂತರು. ಹೊಸ ಪ್ಯಾಂಟು ತೊಟ್ಟ ಮಾರಾಟದವನು ಬಾಗಿಲಲ್ಲಿ ನಿಂತು ದರ್ಜಿಗೆ ಕಣ್ಸನ್ನೆ ಮಾಡಿದ.

ಮಾವ ಹಿಂದಿನ ಸಭೆಗಳ ನಡಾವಳಿಯನ್ನು ಓದಿದರು. ಚಹಾದ ತೀರ್ಮಾನ ಬರುವ ಹೊತ್ತಿಗೆ ಮೇಡಮ್ಮಿನ ಕಾಲು ಒಂದು ಸಲ ಧಡ್ ಎಂದಿತು. ದರ್ಜಿ ಅಭ್ಯಾಸಬಲದಿಂದ ಎದ್ದು ನಿಂತು, ತಾನಾಗಲೇ ಮೇಲೆಯೇ ಇರುವುದನ್ನು ಕಂಡು ಕೂತ. ಅಧ್ಯಕ್ಷರ ಮತ ನೀಲಿಗೆ ಬಿತ್ತು: ಹೇಳಿದ ಹೊತ್ತಿಗೆ ಹೊರಡುತ್ತದೆ. ದರ್ಜಿಯ ಮತ ಹಸಿರಿಗೆ: ಮೈಮೇಲೆ ಚೆನ್ನಾಗಿ ಕೂರುತ್ತದೆ. ಎಲ್ಲರೂ ಹೆಂಡತಿಯತ್ತ ತಿರುಗಿದರು.

"ನಾನು ಯಾವುದನ್ನೂ ನೋಡಿಲ್ಲ" ಎಂದಳು ಆಕೆ.

ಮೇಡಮ್ ಆಕೆಯ ಬಿಳಿ ಕೋಟನ್ನು ನೋಡಿ, ತಾವು ಯಾವ ಕ್ಷೇತ್ರದ ತಜ್ಞರು ಎಂದು ಮರ್ಯಾದೆಯಿಂದಲೇ ಕೇಳಿದರು. ಔಷಧಿ ಎಂದಳು. ಇವರು? ನಮ್ಮಪ್ಪ ಎಂದಳು. ಇವರು ಎನ್ನುವ ಮೊದಲೇ ದರ್ಜಿ ಕೊರಳ ಟೇಪನ್ನು ಜೇಬಿಗೆ ತುರುಕಿಕೊಂಡ. ಮೇಡಮ್ಮಿನ ಕಾಲು ನೆಲವನ್ನು ಒತ್ತಿ ಅಲ್ಲೇ ನಿಂತುಬಿಟ್ಟಿತು.

ಇನ್ನೊಮ್ಮಯ್ಯನವರಿಗೆ ತಡೆಯಲಾಗಲಿಲ್ಲ. ಪರದೆಯ ಮೇಲೆ ತೋರಿಸಿದರೆ ಎಲ್ಲ ತಿಳಿಯಾಗುತ್ತದೆ ಎನ್ನುತ್ತ ಮುಂದೆ ನುಗ್ಗಿ ಲ್ಯಾಪ್‌ಟಾಪ್ ಎಳೆದುಕೊಂಡರು. ನೀಲಿಯನ್ನು ಒತ್ತಿದರು. 'ನಿಮ್ಮ ಉಚಿತ ಅವಧಿ ಮುಗಿದಿದೆ' ಎಂದು ಬಂತು. ಸಮಯಕ್ಕೆ ಸರಿಯಾಗಿಯೇ ಬಂತು. ಮಾವ ಗಡಿಯಾರ ನೋಡಿ ತಲೆದೂಗಿದರು. ಹಸಿರನ್ನು ಒತ್ತಿದರು. ಅದೂ ಅದನ್ನೇ ಹೇಳಿತು. ಬಾಗಿಲಿನಿಂದ ಮಾರಾಟದವನು, ಅವಧಿ ಹೆಚ್ಚಿಸಬಹುದು, ಆದರೆ ಮೇಲಿನವರನ್ನು ಕೇಳಬೇಕು, ಮೇಲಿನವರು ಊಟಕ್ಕೆ ಹೋಗಿದ್ದಾರೆ ಎಂದ. ತಿಂಗಳು ತುಂಬಿದ್ದು ಆ ವಾರದ ಗಲಾಟೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕಿತ್ತಳೆಯೂ ಮೊದಲು ಅದೇ ರಾಗ ಹಾಡಿತು. ಆದರೆ ಅದರ ಕೆಳಗೆ ಇನ್ನೊಂದು ಖಾತೆಯ ಗುರುತಿತ್ತು. ಇನ್ನೊಮ್ಮಯ್ಯನವರು ಅದನ್ನು ಒತ್ತಿದರು. ಪರದೆ ತೆರೆದುಕೊಂಡಿತು. ಇನ್ನೂ ಒಂದು ವಾರ ಬಾಕಿ. ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಹೆಂಡತಿಯ ಹೆಸರಿತ್ತು, ಅದರ ಕೆಳಗೆ 'ಸಂಸ್ಥೆಯ ಮುಖ್ಯಸ್ಥರು' ಎಂದಿತ್ತು.

"ಓ, ಆಫೀಸು ನಿಮ್ದಾ?" ಎಂದರು ಮೇಡಮ್.

"ನನಗೂ ಈಗ್ಲೇ ಗೊತ್ತಾಗಿದ್ದು" ಎಂದಳು ಹೆಂಡತಿ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಇನ್ನೊಮ್ಮಯ್ಯನವರು ಪರದೆಯನ್ನೇ ನೋಡುತ್ತ ಹೇಳಿದರು: "ಮೇಡಮ್, ಸಮಿತಿ ಅಂತ ಯಾವುದೂ ಇರ್ಲಿಲ್ಲ. ಇರೋದು ನಾನೊಬ್ನೇ. ಆರಿಸೋಕೆ ಭಯ ಆಗಿ ಹಾಗಂದ್ಬಿಟ್ಟೆ."

ಇದಕ್ಕೆ ಮೊದಲು ಸಿಡಿದೆದ್ದವರು ಮೇಡಮ್ ಅಲ್ಲ, ಮಾವ. "ಇರ್ಲಿಲ್ಲ ಅಂದ್ರೇನು ಅಳಿಯಂದ್ರೆ? ಎರಡು ಸಭೆ ಆಗಿದೆ. ನಡಾವಳಿಗೆ ಸಹಿ ಬಿದ್ದಿದೆ." ದರ್ಜಿಯೂ ದನಿಗೂಡಿಸಿದ, ತನ್ನನ್ನು ನೇಮಿಸಿದ್ದಕ್ಕೆ ಮೇಡಮ್ಮೇ ಸಾಕ್ಷಿ ಎಂದ. ಅಸ್ತಿತ್ವವಿಲ್ಲದ ಸಮಿತಿ ಅಸ್ತಿತ್ವದ ಪ್ರಶ್ನೆಯ ಮೇಲೆ ಮೊದಲ ಬಾರಿಗೆ ಒಮ್ಮತಕ್ಕೆ ಬಂತು.

ಮೇಡಮ್ ಅಂಗೈ ಎತ್ತಿದರು. ಕಾರಿನಲ್ಲಿ ಅದಕ್ಕೆ ನಿಲ್ಲಿಸು ಎಂದರ್ಥ. ಇಲ್ಲಿಯೂ ಹಾಗೆಯೇ ಆಯಿತು. ಅವರು ಚೀಲದಿಂದ ಪೆಟ್ರೋಲಿನ ಚೀಟಿಗಳ ಕಂತೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಅಧ್ಯಕ್ಷರಿಗೆ ಏಳಲು ಹೇಳಿದರು. ಮಾವ ಎದ್ದರು. ಮೇಡಮ್ ಇನ್ನೊಮ್ಮಯ್ಯನವರನ್ನು ನೋಡಿ, "ಕೂತ್ಕೊಳ್ಳಿ. ಓಡಿಸಿ ನೋಡೋಣ" ಎಂದರು.

ಆ ವಾರದಲ್ಲಿ ಮೊದಲ ಸಲ ಇನ್ನೊಮ್ಮಯ್ಯನವರು ತಮ್ಮ ಕುರ್ಚಿಯಲ್ಲಿ ಕೂತರು. ಮೇಡಮ್ ಕುರ್ಚಿಯನ್ನು ಅವರ ಎಡಕ್ಕೆ ಎಳೆದುಕೊಂಡು ಒಂದೊಂದೇ ಚೀಟಿಯನ್ನು ಓದಿದರು. ಇವರು ಕಿತ್ತಳೆಯಲ್ಲಿ ತುಂಬುತ್ತ ಹೋದರು. ಕಾರಿನ ನಂಬರು, ತಾರೀಖು, ಲೀಟರು. ಮೇಡಮ್ಮಿನ ಕಾಲು ಹಲಗೆಯ ಮೇಲೆ ಸಿದ್ಧವಾಗಿ ಕಾದಿತ್ತು. ಕಂತೆ ಮುಗಿಯಿತು. ಸರಿಯಾಯಿತೇ ಎಂದರು. ಮಾವ, ದರ್ಜಿ, ಮಾರಾಟದವನು ಎಲ್ಲರೂ ಬಗ್ಗಿ ನೋಡಿ ಸರಿಯಾಯಿತು ಎಂದರು. ಹೆಂಡತಿ ಕೈಗಡಿಯಾರ ನೋಡಿಕೊಂಡಳು. ಊಟದ ಬಿಡುವು ಮುಗಿಯುತ್ತಿತ್ತು, ಅವಳು ಬೇಡ ಬೇಡವೆಂದು ಕಣ್ಣಿನಲ್ಲೇ ಬೇಡಿಕೊಂಡಳು.

"ಇನ್ನೊಮ್ಮೆ ನೋಡ್ಬಿಡೋಣ" ಎಂದರು ಇನ್ನೊಮ್ಮಯ್ಯನವರು.

ಮೊದಲಿನಿಂದ ನೋಡಿದರು. ನಡುವೆ ಒಂದು ಕಡೆ ಲೀಟರನ್ನು ತೆಗೆದುಕೊಂಡು ಹೋಗಿ ತಾರೀಖಿನ ಜಾಗದಲ್ಲಿ ತುಂಬಿದ್ದರು. ಯಾರೂ ಕಂಡಿರಲಿಲ್ಲ. ಕಿವಿ ಕೆಂಪಾಗಿಸಿಕೊಂಡು ತಿದ್ದಿದರು. ತಿದ್ದಿದ್ದು ಸರಿಯಾಯಿತೇ ಎಂದು ಮತ್ತೆ ಮೊದಲಿನಿಂದ ನೋಡತೊಡಗಿದರು. ಮಾವ ನಿಟ್ಟುಸಿರು ಬಿಟ್ಟರು. ಮೇಡಮ್ಮಿನ ಫೋನು ಟಿಣ್ ಎಂದಿತು. ಎಲ್ಲ ಚೀಟಿಗಳೂ ಅಚ್ಚುಕಟ್ಟಾಗಿ ಅಲ್ಲಿ ಬಂದು ಕೂತಿದ್ದವು. ಅವರು ಫೋನು ನೋಡಲಿಲ್ಲ. ತಮ್ಮ ಬಲಗಾಲನ್ನು ನೋಡಿಕೊಂಡರು. ಅದು ನೆಲವನ್ನು ಬಿಟ್ಟು ಎಡಗಾಲಿನ ಮೇಲೆ ಹೋಗಿ ಆರಾಮವಾಗಿ ಕೂತಿತ್ತು.

"ಹಿಂದಿನ ಲೆಕ್ಕದೋರು ಒಂದ್ ದಿನಾನೂ ತಿರುಗಿ ನೋಡ್ದೋರಲ್ಲ" ಎಂದರು. "ಕನ್ನಡಿ ಜಾಸ್ತಿ ನೋಡೋರು ಸ್ವಲ್ಪ ನಿಧಾನ, ಆದ್ರೆ ನನ್ನ ಕಾರನ್ನ ಗೋಡೆಗೆ ಗುದ್ದಿದೋರು ಅವರಲ್ಲಿ ಯಾರೂ ಇಲ್ಲ."

ಹಾಗೆಂದು ಅವರು ಕೆಲಸವನ್ನು ಸುಮ್ಮನೆ ಕೈಗಿಡುವವರಲ್ಲ. ಸಾಫ್ಟ್‌ವೇರಿನವರು ಒಂದು ತಿಂಗಳು ಪುಕ್ಕಟೆ ಬಳಸಿ ನೋಡಲು ಕೊಡುವುದಾದರೆ ಲೆಕ್ಕಿಗರೂ ಕೊಡಬೇಕಾದದ್ದು ನ್ಯಾಯ ಎಂದರು. ಸಮಿತಿಯೂ ಇರಲಿ, ಕಲಿಯುವವರ ಪಕ್ಕದಲ್ಲಿ ಯಾರಾದರೂ ಕೂತಿರಬೇಕು ಎಂದರು. ಇನ್ನೊಮ್ಮಯ್ಯನವರ ಬಿಳಿಚಿದ ಮುಖ ಕೆಂಪಾಗುವ ಮೊದಲೇ ಅವರು ಚೀಲದಿಂದ ಕೆಂಪು ಅಕ್ಷರದ ಎಲ್ ಬೋರ್ಡಿನ ಅಂಟುಚೀಟಿಯೊಂದನ್ನು ತೆಗೆದು, ಹೋಗುವಾಗ ಆಫೀಸಿನ ಬಾಗಿಲಿಗೆ ಅಂಟಿಸಿ, ಅಂಗೈಯಿಂದ ಒತ್ತಿ ಮೆಟ್ಟಿಲಿಳಿದರು. ಮಾವ ತಕ್ಷಣ ಗೋಡೆಯ ಹಾಳೆಯತ್ತ ನಡೆದು, ನೀಲಿ ಹಸಿರು ಕಿತ್ತಳೆಗಳಿಗೆ ಗೀಟು ಹಾಕಿ, ಪಕ್ಕದಲ್ಲಿ ಹೊಸ ಸಾಲೊಂದನ್ನು ಎಳೆದು ಅದರ ನೆತ್ತಿಯ ಮೇಲೆ 'ಅಳಿಯ' ಎಂದು ಬರೆದರು.

ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಇನ್ನೊಮ್ಮಯ್ಯನವರು ಅಲ್ಲಿರಲಿಲ್ಲ. ಬಾಗಿಲಾಚೆ ನಿಂತು ಎಲ್ ಬೋರ್ಡು ಸರಿಯಾಗಿ ಅಂಟಿದೆಯೇ ಎಂದು ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡುತ್ತಿದ್ದರು. ಮಾವನೇ ಫೋನು ಎತ್ತಿಕೊಂಡರು. ಆಚೆಯಿಂದ ಹಳೆಯ ಯಜಮಾನರು ಕುರ್ಚಿಯ ವಿಷಯ ಹೇಳುತ್ತಿದ್ದುದನ್ನು ಡಿಪೋದ ಗಾಂಭೀರ್ಯದಿಂದ ಪೂರ್ತಿ ಕೇಳಿಸಿಕೊಂಡರು.

"ಈಗ ಕೊಡೋಕಾಗಲ್ಲ" ಎಂದರು. "ಅವರು ಗಾಡಿ ಓಡಿಸ್ತಾ ಇದಾರೆ."